ಭುಜವನ್ನು ಹಿಡಿದಿರುವುದು ಮೂಳೆಯಲ್ಲ

ಮಾನ್ಯ ಸಂಪಾದಕರಿಗೆ,

ವಂದನೆಗಳು. ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಕಳೆದ ವಾರ ಪ್ರಕಟವಾದ ಭುಜದ ನೋವಿನ ಕುರಿತ ಲೇಖನವನ್ನು ಓದಿದೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಹಲವು ವರ್ಷ ಅಂಗರಚನಾಶಾಸ್ತ್ರವನ್ನು ಕಲಿಸಿ ನಿವೃತ್ತನಾದವನು ನಾನು. ಲೇಖನದ ಭಾಷೆ ಸರಳವಾಗಿದೆ, ಆಶಯವೂ ಒಳ್ಳೆಯದು. ಆ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಜೊತೆಯಲ್ಲಿ ಅಚ್ಚಾಗಿದ್ದ ಚಿತ್ರದ ಬಗ್ಗೆ ಮತ್ತು ಕೊನೆಯಲ್ಲಿದ್ದ ಒಂದು ಸಲಹೆಯ ಬಗ್ಗೆ. ಚಿತ್ರದಲ್ಲಿ ತೋಳಿನ ಮೂಳೆಯ ಗುಂಡು ತಲೆಯು ಬಟ್ಟಲಿನಂಥ ಆಳವಾದ ಕುಳಿಯೊಳಗೆ ಅರ್ಧಕ್ಕೂ ಹೆಚ್ಚು ಹುದುಗಿ ಕುಳಿತಿದೆ. ಅದು ಸೊಂಟದ ಕೀಲಿನ ಚಿತ್ರ; ಕೆಳಗೆ ಭುಜವೆಂದು ಬರೆದ ಮಾತ್ರಕ್ಕೆ ಭುಜವಾಗುವುದಿಲ್ಲ. ಇನ್ನು ಸಲಹೆಯೆಂದರೆ, ಪಾರ್ಶ್ವವಾಯುವಿನಿಂದ ಬಲಗುಂದಿದ ಕೈಯನ್ನು ತಲೆಯ ಮೇಲಿನ ರಾಟೆಗೆ ಹಗ್ಗ ಹಾಕಿ, ಇನ್ನೊಂದು ಕೈಯಿಂದ ದಿನವೂ ಎಳೆದೆತ್ತಬೇಕು ಎಂಬುದು. ಚಿತ್ರ ತಪ್ಪಾದದ್ದರಿಂದಲೇ ಸಲಹೆಯೂ ತಪ್ಪಿದೆ ಎಂದು ನನ್ನ ಅಭಿಪ್ರಾಯ. ಕಾರಣಗಳನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೆ ಮನ್ನಿಸಬೇಕು.

ಮೊದಲು ಮಾತಿನ ಗೊಂದಲವೊಂದನ್ನು ಬಿಡಿಸಿಕೊಳ್ಳಬೇಕು. ಭಾರ ಹೊರುವ ಜಾಗ ಹೆಗಲು. ಅಲ್ಲಿಂದ ಮೊಣಕೈವರೆಗಿನ ಭಾಗ ತೋಳು, ಅದರಲ್ಲಿ ಮಾಂಸ ತುಂಬಿದ ಪಾಲು ರಟ್ಟೆ. ಅದರ ಕೆಳಗೆ ಮುಂಗೈ, ಮಣಿಕಟ್ಟು, ಅಂಗೈ. ಭುಜವೆಂಬ ಸಂಸ್ಕೃತ ಪದ ಇಡೀ ತೋಳಿಗೆ ಸಲ್ಲುವಂಥದ್ದು, ನಾವು ಅದನ್ನು ಹೆಗಲಿನ ತುದಿಗೆ ಕಟ್ಟಿಹಾಕಿದ್ದೇವೆ. ಕೈ ಎಂದರಂತೂ ಬೆರಳ ತುದಿಯಿಂದ ಹೆಗಲವರೆಗೆ ಯಾವ ಭಾಗವೂ ಆಗಬಹುದು. ಹೀಗಾಗಿ 'ಭುಜ ನೋಯುತ್ತಿದೆ' ಎಂದು ಬರುವ ಮೂವರಲ್ಲಿ ಒಬ್ಬರು ಕತ್ತಿನ ಬುಡವನ್ನು, ಇನ್ನೊಬ್ಬರು ಬೆನ್ನಿನ ಮೇಲ್ಭಾಗವನ್ನು, ಮತ್ತೊಬ್ಬರು ರಟ್ಟೆಯ ಹೊರಬದಿಯನ್ನು ಮುಟ್ಟಿ ತೋರಿಸುತ್ತಾರೆ. ವಿಚಿತ್ರವೆಂದರೆ, ನಿಜವಾಗಿ ಭುಜದ ಕೀಲಿನ ಸುತ್ತ ತೊಂದರೆ ಇರುವುದು ಸಾಮಾನ್ಯವಾಗಿ ಈ ಮೂರನೆಯವರಿಗೆ. ಕೀಲಿನ ಮೇಲ್ಭಾಗದಲ್ಲಿ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಸವೆದಾಗ ನೋವು ಅಲ್ಲಿ ನಿಲ್ಲದೆ ರಟ್ಟೆಯ ಹೊರಬದಿಗೆ ಇಳಿಯುತ್ತದೆ. ಬೆನ್ನಿನ ಮೇಲ್ಭಾಗದಲ್ಲಿರುವ ಹೆಗಲ ಹಲಗೆಯೆಂಬ ಮೂಳೆಯ ಒಳಅಂಚಿನಲ್ಲಿ ಚುಚ್ಚುವ ನೋವಿನ ಮೂಲವನ್ನು ಅನೇಕ ಸಲ ಕತ್ತಿನ ನರಗಳಲ್ಲಿ ಹುಡುಕಬೇಕಾಗುತ್ತದೆ.

ಲೇಖನವು ಭುಜವನ್ನು ಒಂದು ಕೀಲು ಎಂದಿದೆ. ಕೈಯನ್ನು ಒಮ್ಮೆ ತಲೆಯ ಮೇಲಕ್ಕೆ ಎತ್ತಬೇಕಾದರೆ ನಾಲ್ಕು ಕಡೆ ಚಲನೆ ನಡೆಯಬೇಕು. ಎದೆಮೂಳೆಗೂ ಕೊರಳೆಲುಬಿಗೂ ನಡುವೆ ಒಂದು, ಕೊರಳೆಲುಬಿನ ಹೊರತುದಿಗೂ ಹೆಗಲ ಹಲಗೆಗೂ ನಡುವೆ ಇನ್ನೊಂದು, ಹಲಗೆಯ ಕುಳಿಗೂ ತೋಳಿನ ಮೂಳೆಗೂ ನಡುವೆ ಎಲ್ಲರೂ ಭುಜದ ಕೀಲು ಎನ್ನುವ ಮೂರನೆಯದು. ನಾಲ್ಕನೆಯದು ಹಲಗೆಗೂ ಪಕ್ಕೆಲುಬುಗಳ ಗೂಡಿಗೂ ನಡುವಿನದು. ಅಲ್ಲಿ ಮೂಳೆಯ ತುದಿಗೆ ಹೊದಿಸಿದಂಥ ನುಣುಪಾದ ಮೃದ್ವಸ್ಥಿಯೂ ಇಲ್ಲ, ಕೀಲನ್ನು ಸುತ್ತಿ ಮುಚ್ಚುವ ಚೀಲವೂ ಇಲ್ಲ, ಸ್ನಾಯುಗಳ ಪದರದ ಮೇಲೆ ಹಲಗೆ ಸುಮ್ಮನೆ ಜಾರುತ್ತದೆ. ಪುಸ್ತಕಗಳು ಅಂಸಫಲಕ ಎನ್ನುವ ಈ ಹಲಗೆ ಬೆನ್ನಿನಲ್ಲಿ ಎರಡನೆಯ ಪಕ್ಕೆಲುಬಿನಿಂದ ಏಳನೆಯದರವರೆಗೆ ಹಬ್ಬಿದ ತೆಳುವಾದ ತ್ರಿಕೋನ. ಇದಕ್ಕೆ 17 ಸ್ನಾಯುಗಳು ಅಂಟಿಕೊಂಡಿವೆ. ಒಂದು ಕೈಯ 32 ಮೂಳೆಗಳಲ್ಲಿ ಹಲಗೆಯ ಬಗ್ಗೆ ಓದುಗರಿಗೆ ತಿಳಿದಿರುವುದು ಅತಿ ಕಡಿಮೆ, ಭುಜದ ಕಾಯಿಲೆಗಳಲ್ಲಿ ಅದರ ಪಾತ್ರವೋ ಅತಿ ಹೆಚ್ಚು. ತಮ್ಮ ಚಿತ್ರದಲ್ಲಿ ಅದರ ಕುಳಿಯಿರುವ ಮೂಲೆಯೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಕತ್ತರಿಸಿಹಾಕಲಾಗಿದೆ.

ಕಾಲರ್ ಬೋನ್ ಎಂದು ಕರೆಯುವ ಕೊರಳೆಲುಬಿನ ಬಗ್ಗೆಯೂ ಒಂದು ಮಾತು ಸಲ್ಲುತ್ತದೆ. ಇಡೀ ಕೈ ಮುಂಡಕ್ಕೆ ಮೂಳೆಯ ಮೂಲಕ ಸೇರುವ ಸ್ಥಳ ಒಂದೇ, ಅದು ಕೊರಳೆಲುಬಿನ ಒಳತುದಿ. ಗರ್ಭದಲ್ಲಿ ಐದಾರನೇ ವಾರಕ್ಕೇ ಎಲ್ಲ ಮೂಳೆಗಳಿಗಿಂತ ಮೊದಲು ಗಟ್ಟಿಯಾಗಲು ತೊಡಗುವ ಈ ಮೂಳೆಯ ಒಳತುದಿ ಪೂರ್ತಿ ಬೆಸೆದುಕೊಳ್ಳುವ ಹೊತ್ತಿಗೆ ವ್ಯಕ್ತಿಗೆ ಸುಮಾರು 25 ವರ್ಷವಾಗಿರುತ್ತದೆ. ಮೊದಲು ಶುರುವಾಗಿ ಕೊನೆಗೆ ಮುಗಿಯುವ ಕೆಲಸ ಅದರದು. ಕುದುರೆಗೂ ಹಸುವಿಗೂ ಈ ಮೂಳೆಯೇ ಇಲ್ಲ. ಅವುಗಳ ಮುಂಗಾಲು ಸ್ನಾಯುಗಳಿಂದಷ್ಟೇ ಎದೆಗೆ ತೂಗಿಕೊಂಡಿದೆ, ಹಿಂದೆ ಮುಂದೆ ಬೀಸಲು ಅಷ್ಟು ಸಾಕು. ಕೈಯನ್ನು ಎದೆಯಿಂದ ಹೊರಕ್ಕೆ ತಳ್ಳಿ ಹಿಡಿದು, ಪಕ್ಕಕ್ಕೂ ಮೇಲಕ್ಕೂ ಬೆನ್ನ ಹಿಂದಕ್ಕೂ ಹೋಗಲು ಬಿಡಬೇಕಾದರೆ ಕೊರಳೆಲುಬಿನಂಥ ಊರುಗೋಲು ಬೇಕು. ಹೆಗಲಿನ ಮೇಲೆ ಬಿದ್ದಾಗ ಹೊಡೆತ ನೇರವಾಗಿ, ಅಂಗೈ ಊರಿಕೊಂಡು ಬಿದ್ದಾಗ ಮೂಳೆಯಿಂದ ಮೂಳೆಗೆ ಹಾದು ಇಲ್ಲಿಗೆ ಬರುತ್ತದೆ. ಕೊರಳೆಲುಬು ನಡುಭಾಗದಲ್ಲಿ ಅಷ್ಟು ಸಲ ಮುರಿಯುವುದು ಅದಕ್ಕೇ.

ಈಗ ಮುಖ್ಯ ಕೀಲಿಗೆ ಬರುತ್ತೇನೆ. ಹಲಗೆಯ ಕುಳಿಯನ್ನು ಕುಳಿ ಎನ್ನುವುದೇ ಉದಾರತನ. ಒಂದು ಚಮಚವನ್ನು ನೆಟ್ಟಗೆ ನಿಲ್ಲಿಸಿ, ಅದರ ತಗ್ಗಿಗೆ ಪಕ್ಕದಿಂದ ಚೆಂಡೊಂದನ್ನು ತಾಗಿಸಿ ಹಿಡಿದಿದ್ದೀರಿ ಎಂದುಕೊಳ್ಳಿ. ಕೈ ಬಿಟ್ಟರೆ ಚೆಂಡು ಬೀಳುತ್ತದೆ. ತೋಳಿನ ಮೂಳೆಯ ತಲೆಗೂ ಕುಳಿಗೂ ಇರುವ ಸಂಬಂಧ ಬಹುಮಟ್ಟಿಗೆ ಇಷ್ಟೇ: ಯಾವುದೇ ಕ್ಷಣದಲ್ಲಿ ತಲೆಯ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಕುಳಿಗೆ ತಾಗಿರುತ್ತದೆ. ಕುಳಿಯ ಸುತ್ತ ನಾರಿನಂಥ ಮೃದ್ವಸ್ಥಿಯ ಅಂಚುಪಟ್ಟಿಯೊಂದು ಇದ್ದು ಆಳವನ್ನು ಸುಮಾರು ಅರ್ಧದಷ್ಟು ಹೆಚ್ಚಿಸುತ್ತದೆ. ಆದರೂ ಅದು ಚಮಚವೇ, ಬಟ್ಟಲಲ್ಲ. ಸೊಂಟದಲ್ಲಿ ನಿಸರ್ಗ ಭದ್ರತೆಯನ್ನು ಆರಿಸಿಕೊಂಡಿತು, ಭುಜದಲ್ಲಿ ಎಟುಕನ್ನು. ಬೆನ್ನಿನ ನಡುವೆ ತುರಿಸಿಕೊಳ್ಳಲೂ ತಲೆಯ ಮೇಲಿನ ಅಟ್ಟಕ್ಕೆ ಕೈಚಾಚಲೂ ಒಂದೇ ಕೀಲಿನಿಂದ ಸಾಧ್ಯವಾಗುವುದು ಈ ಆಳವಿಲ್ಲದ ಕುಳಿಯಿಂದಲೇ.

ಹಾಗಾದರೆ ಚೆಂಡನ್ನು ಹಿಡಿದಿರುವ ಕೈ ಯಾವುದು? ಶವಚ್ಛೇದನದ ಮೇಜಿನ ಬಳಿ ವಿದ್ಯಾರ್ಥಿಗಳಿಗೆ ಇದನ್ನು ತೋರಿಸುವುದು ನನಗೆ ಪ್ರತಿವರ್ಷವೂ ಇಷ್ಟದ ಪಾಠವಾಗಿತ್ತು. ಕೀಲಿನ ಸುತ್ತಲಿನ ಸ್ನಾಯುಗಳನ್ನು ಒಂದೊಂದಾಗಿ ಬಿಡಿಸಿ, ಕೀಲಿನ ಚೀಲವೊಂದೇ ಉಳಿದಾಗ ತೋಳನ್ನು ಎಳೆದರೆ, ತಲೆಯು ಕುಳಿಯಿಂದ ಎರಡೂವರೆ ಸೆಂಟಿಮೀಟರಿನಷ್ಟು ದೂರ ಸರಿಯಬಲ್ಲದು. ಅಷ್ಟು ಸಡಿಲ ಆ ಚೀಲ. ಬದುಕಿರುವವರಲ್ಲಿ ಹಾಗಾಗದಂತೆ ತಡೆಯುವುದು ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳ ಗುಂಪು. ಲೇಖನದಲ್ಲಿ ಇದನ್ನು 'ಭುಜದೊಳಗಿನ ಒಂದು ಪಟ್ಟಿ' ಎಂದಿರುವುದು ಸರಿಯಲ್ಲ. ಮೇಲಿನಿಂದ ಸುಪ್ರಾಸ್ಪೈನೇಟಸ್, ಹಿಂದಿನಿಂದ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೀಸ್ ಮೈನರ್, ಮುಂದಿನಿಂದ ಸಬ್‌ಸ್ಕ್ಯಾಪುಲಾರಿಸ್, ಈ ನಾಲ್ಕೂ ಹಲಗೆಯಿಂದ ಹೊರಟು, ಅವುಗಳ ರಜ್ಜುಗಳು ಚೀಲದೊಂದಿಗೆ ಬೆಸೆದುಕೊಂಡು, ತೋಳಿನ ಮೂಳೆಯ ತಲೆಯನ್ನು ಬೆರಳುಗಳಂತೆ ಅಪ್ಪಿ ಹಿಡಿಯುತ್ತವೆ. ಕೈಯನ್ನು ತಿರುಗಿಸುವುದು ಅವುಗಳ ಹೆಸರಿನಲ್ಲಿರುವ ಕೆಲಸ. ನನ್ನ ಮಟ್ಟಿಗೆ ಅದು ಎರಡನೆಯದು. ರಟ್ಟೆಯ ಮೇಲಿನ ದಪ್ಪನೆಯ ಡೆಲ್ಟಾಯ್ಡ್ ಸ್ನಾಯು ಕೈಯೆತ್ತಲು ತೊಡಗಿದಾಗ ಅದರ ಎಳೆತ ಮೂಳೆಯ ತಲೆಯನ್ನು ಮೇಲಕ್ಕೆ ನೂಕುತ್ತದೆ. ಆಗ ಈ ನಾಲ್ಕೂ ಸೇರಿ ತಲೆಯನ್ನು ಕೆಳಕ್ಕೂ ಒಳಕ್ಕೂ ಒತ್ತಿಹಿಡಿಯದಿದ್ದರೆ ಅದು ಮೇಲಿರುವ ಮೂಳೆಯ ಚಾವಣಿಗೆ ಹೋಗಿ ಬಡಿಯುತ್ತದೆ.

ಕೆಳಬದಿಯಲ್ಲಿ, ಅಂದರೆ ಕಂಕುಳಿನ ಕಡೆ, ಇಂಥ ರಜ್ಜು ಯಾವುದೂ ಇಲ್ಲ. ಭುಜ ಕೀಲು ತಪ್ಪುವಾಗ ಹೆಚ್ಚಿನ ಸಲ ತಲೆಯು ಮುಂದಕ್ಕೂ ಕೆಳಕ್ಕೂ ಜಾರುವುದು ಇದರಿಂದ. ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಸಲ ತಪ್ಪುವುದು ಭುಜವೇ, ಅದರಲ್ಲೂ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಸಲ ಮುಂದಕ್ಕೆ. ಪ್ರಾಚೀನರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಿಪಾಕ್ರಟೀಸನ ಹೆಸರಿನಲ್ಲಿ ಉಳಿದಿರುವ ವಿಧಾನದಲ್ಲಿ ವೈದ್ಯನು ರೋಗಿಯ ಕಂಕುಳಿಗೆ ತನ್ನ ಹಿಮ್ಮಡಿ ಒತ್ತಿ ಕೈಯನ್ನು ಎಳೆಯುತ್ತಾನೆ. ಸುಶ್ರುತನು ಕಂಕುಳನ್ನು ಒನಕೆಯಿಂದ ಮೇಲೆತ್ತಿ ಕೂರಿಸಿ, ಬಳಿಕ ಸ್ವಸ್ತಿಕದ ಆಕಾರದಲ್ಲಿ ಬಟ್ಟೆ ಕಟ್ಟಬೇಕೆನ್ನುತ್ತಾನೆ. ಇಂದು ಇದನ್ನು ಯಾರೂ ಮನೆಯಲ್ಲಿ ಪ್ರಯತ್ನಿಸಬಾರದು, ಏಕೆಂದರೆ ಕೀಲಿನ ಕೆಳಗೆ ತೋಳಿನ ಮೂಳೆಯ ಕತ್ತನ್ನು ಸುತ್ತಿ ಹೋಗುವ ಆಕ್ಸಿಲರಿ ನರವು ಕೀಲು ತಪ್ಪಿದಾಗಲೂ, ಅರಿಯದೆ ಎಳೆದಾಗಲೂ ಪೆಟ್ಟು ತಿನ್ನುತ್ತದೆ. ಡೆಲ್ಟಾಯ್ಡ್ ಸ್ನಾಯುವಿಗೆ ಆಜ್ಞೆ ತರುವುದು ಆ ನರವೇ.

ಹಲಗೆಯ ಮಾತಿಗೆ ಮರಳುತ್ತೇನೆ. ಕೈಯನ್ನು ಪಕ್ಕದಿಂದ ಪೂರ್ತಿ ಮೇಲಕ್ಕೆತ್ತಿದರೆ ಆಗುವುದು ಸುಮಾರು 180 ಡಿಗ್ರಿ ಚಲನೆ. ಇದರಲ್ಲಿ ಸುಮಾರು 120 ಡಿಗ್ರಿ ಮಾತ್ರ ಕುಳಿಯಲ್ಲಿ ನಡೆಯುತ್ತದೆ. ಉಳಿದ 60 ಡಿಗ್ರಿ ಹಲಗೆಯೇ ಪಕ್ಕೆಲುಬುಗಳ ಮೇಲೆ ತಿರುಗಿ, ಕುಳಿಯ ಮುಖವನ್ನು ಮೇಲಕ್ಕೆ ಮಾಡಿ ಕೊಡುತ್ತದೆ. ತೋಳು ಎರಡು ಹೆಜ್ಜೆ ಹಾಕಿದರೆ ಹಲಗೆ ಒಂದು ಹೆಜ್ಜೆ ಹಾಕುತ್ತದೆ ಎಂದು ನಾನು ಹೇಳಿಕೊಡುತ್ತಿದ್ದೆ. 1944ರಲ್ಲಿ ಅಮೆರಿಕದ ಮೂಳೆವೈದ್ಯ ಇನ್‌ಮನ್ ಮತ್ತು ಸಂಗಡಿಗರು ಈ ಲೆಕ್ಕವನ್ನು ಪ್ರಕಟಿಸಿದರು. ವ್ಯಕ್ತಿಯಿಂದ ವ್ಯಕ್ತಿಗೆ, ಚಲನೆಯ ಹಂತದಿಂದ ಹಂತಕ್ಕೆ ಅಂಕಿ ಬದಲಾಗುತ್ತದೆ, ತತ್ವ ಮಾತ್ರ ನಿಂತಿದೆ. ಇದರ ಜೊತೆಗೆ ತೋಳಿನ ಮೂಳೆ ತನ್ನ ಅಕ್ಷದ ಮೇಲೆ ಹೊರಕ್ಕೆ ಹೊರಳಬೇಕು, ಇಲ್ಲದಿದ್ದರೆ ಅದರ ತಲೆಯ ಪಕ್ಕದ ಗಂಟು ಹಲಗೆಯ ಚಾವಣಿಗೆ ತಗುಲುತ್ತದೆ. ಅನುಮಾನವಿದ್ದವರು ಅಂಗೈಯನ್ನು ಹಿಂದಕ್ಕೆ ತಿರುಗಿಸಿಟ್ಟುಕೊಂಡು ಕೈಯನ್ನು ಪಕ್ಕದಿಂದ ಮೆಲ್ಲಗೆ ಎತ್ತಿ ನೋಡಲಿ; ಹೆಗಲಿನ ಮಟ್ಟದ ಹತ್ತಿರ ಅದು ತಡೆಯುತ್ತದೆ. ಅಂಗೈಯನ್ನು ಮೇಲಕ್ಕೆ ತಿರುಗಿಸಿದರೆ ದಾರಿ ಬಿಟ್ಟುಕೊಡುತ್ತದೆ.

ಪಾರ್ಶ್ವವಾಯು ಬಡಿದ ಕೈಯನ್ನು ಈಗ ನೆನೆಯಿರಿ. ಮೊದಲ ವಾರಗಳಲ್ಲಿ ಅನೇಕರಲ್ಲಿ ಆ ಬದಿಯ ಸ್ನಾಯುಗಳು ಪೂರ್ತಿ ಸಡಿಲವಾಗಿರುತ್ತವೆ. ಚೆಂಡನ್ನು ಚಮಚಕ್ಕೆ ಒತ್ತಿ ಹಿಡಿದಿದ್ದ ಬೆರಳುಗಳು ಬಿಟ್ಟುಕೊಟ್ಟಿವೆ. ಕೈಯ ಭಾರವೆಲ್ಲ ಆ ತೆಳುವಾದ ಚೀಲದ ಮೇಲೆ ಬಿದ್ದು, ತಲೆಯು ಕುಳಿಯಿಂದ ನಿಧಾನವಾಗಿ ಕೆಳಗಿಳಿಯುತ್ತದೆ. ಹೆಗಲಿನ ತುದಿಯ ಕೆಳಗೆ ಬೆರಳಿಟ್ಟರೆ ಅಲ್ಲೊಂದು ತಗ್ಗು ಸಿಗುತ್ತದೆ, ಕೆಲವರಲ್ಲಿ ಬೆರಳಗಲದಷ್ಟು. ಹಲಗೆಯನ್ನು ತಿರುಗಿಸುವ ಸ್ನಾಯುಗಳೂ ಸೋತಿರುತ್ತವೆ ಅಥವಾ ಬಿಗಿದುಕೊಂಡಿರುತ್ತವೆ. ಇಂಥ ಕೈಗೆ ಹಗ್ಗ ಕಟ್ಟಿ ರಾಟೆಯಿಂದ ಎಳೆದಾಗ, ಹಲಗೆ ತನ್ನ ಪಾಲಿನ ಹೆಜ್ಜೆ ಹಾಕುವುದಿಲ್ಲ, ತೋಳಿನ ಮೂಳೆಯೂ ಹೊರಕ್ಕೆ ಹೊರಳುವುದಿಲ್ಲ. ಹಗ್ಗಕ್ಕೆ ಇದೊಂದೂ ತಿಳಿಯದು. ಮೂಳೆಯ ಗಂಟಿಗೂ ಚಾವಣಿಗೂ ನಡುವೆ ಸುಪ್ರಾಸ್ಪೈನೇಟಸ್ಸಿನ ರಜ್ಜು ದಿನವೂ ಜಜ್ಜಿಹೋಗುತ್ತದೆ. ಆ ಬದಿಯಲ್ಲಿ ಸ್ಪರ್ಶಜ್ಞಾನ ಕುಂದಿದ್ದರೆ ರೋಗಿಗೆ ಅದು ತಡವಾಗಿ ಗೊತ್ತಾಗುತ್ತದೆ, ಮಾತು ಹೋಗಿದ್ದರೆ ಗೊತ್ತಾದರೂ ಹೇಳಲಾಗುವುದಿಲ್ಲ. ತಿಂಗಳು ಕಳೆಯುವ ಹೊತ್ತಿಗೆ ಉಳಿಯುವುದು ಮುಟ್ಟಿದರೆ ಕಿರುಚುವಂಥ ಭುಜ. ಮನೆಯವರು ಅದನ್ನು ಪಾರ್ಶ್ವವಾಯುವಿನ ಭಾಗವೆಂದೇ ತಿಳಿದು ಸುಮ್ಮನಾಗುತ್ತಾರೆ. ಪಾರ್ಶ್ವವಾಯು ರೋಗಿಗಳ ಪುನಶ್ಚೇತನದಲ್ಲಿ ಪಳಗಿದವರು ತಲೆಮೇಲಿನ ರಾಟೆಯನ್ನು ಕೈಬಿಟ್ಟು ಬಹಳ ಕಾಲವಾಯಿತು.

ರಾಟೆಯಿಲ್ಲದ ಮನೆಗಳಲ್ಲೂ ಅದೇ ಹಾನಿ ಬೇರೆ ಬಗೆಯಲ್ಲಿ ನಡೆಯುತ್ತದೆ. ನನ್ನ ಹತ್ತಿರದ ಬಂಧುವೊಬ್ಬರು ಹಾಸಿಗೆ ಹಿಡಿದಿದ್ದಾಗ, ಅವರನ್ನು ಎಬ್ಬಿಸಲು ನಾವು ನಾಲ್ಕು ಜನ ಸರದಿಯಲ್ಲಿ ಸೋತ ಕೈಯನ್ನೇ ಹಿಡಿದು ಎಳೆಯುತ್ತಿದ್ದೆವು. ಅಂಗರಚನೆ ಕಲಿಸುತ್ತಿದ್ದ ನಾನೂ ಆ ನಾಲ್ವರಲ್ಲಿ ಒಬ್ಬ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕಂಕುಳಿಗೆ ಕೈಹಾಕಿ ಎತ್ತುವುದೂ ಅಷ್ಟೇ ಕೆಟ್ಟದ್ದು. ಎತ್ತುವವರ ಒಂದು ಕೈ ರೋಗಿಯ ಬೆನ್ನಿನ ಹಲಗೆಯ ಮೇಲೆ, ಇನ್ನೊಂದು ಸೊಂಟದ ಬಳಿ ಇರಬೇಕು. ಕುಳಿತಾಗ ಸೋತ ಕೈಯನ್ನು ಮೇಜಿನ ಮೇಲೋ ದಿಂಬಿನ ಮೇಲೋ ಇಡಬೇಕು, ಜೋತುಬೀಳಲು ಬಿಡಬಾರದು. ಚಲನೆಯ ವ್ಯಾಯಾಮ ಬೇಕೇ ಬೇಕು, ಆದರೆ ಅದನ್ನು ಮಾಡಿಸುವವರು ಒಂದು ಕೈಯಿಂದ ಹಲಗೆಯನ್ನು ಜೊತೆಯಲ್ಲೇ ಸರಿಸುತ್ತ, ನೋವು ಬರುವ ಮೊದಲೇ ನಿಲ್ಲಿಸುತ್ತ ಮಾಡಿಸಬೇಕು. ಫಿಸಿಯೋಥೆರಪಿಸ್ಟರಿಂದ ಒಮ್ಮೆ ಕಲಿತರೆ ಮನೆಯವರಿಗೂ ಇದು ಸಾಧ್ಯ.

ಎಳೆಯುವ ಮಾತು ಬಂದದ್ದರಿಂದ ಮಕ್ಕಳ ವಿಷಯವನ್ನೂ ಸೇರಿಸುತ್ತೇನೆ, ಅಲ್ಲಿ ತೊಂದರೆಯಾಗುವುದು ಭುಜದಲ್ಲಿ ಅಲ್ಲ, ಮೊಣಕೈಯಲ್ಲಿ. ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಯದು ಅಂಗೈಯನ್ನು ಮೇಲೆ ಕೆಳಗೆ ಮಾಡುವಾಗ ಇನ್ನೊಂದರ ಸುತ್ತ ಹೊರಳುತ್ತದೆ. ಅದರ ಮೇಲ್ತುದಿಯನ್ನು ಉಂಗುರದಂಥ ಕಟ್ಟೊಂದು ಸುತ್ತಿ ಹಿಡಿದಿದೆ. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಈ ಕಟ್ಟು ಇನ್ನೂ ಬಿಗಿಯಾಗಿರುವುದಿಲ್ಲ; ಮಣಿಕಟ್ಟು ಹಿಡಿದು ಫಕ್ಕನೆ ಮೇಲಕ್ಕೆಳೆದರೆ ಮೂಳೆಯ ತುದಿ ಉಂಗುರದಿಂದ ಜಾರುತ್ತದೆ. ಮಗು ಒಮ್ಮೆ ಅತ್ತು, ಆಮೇಲೆ ಆ ಕೈಯನ್ನು ಬಳಸದೆ ಪಕ್ಕಕ್ಕೆ ಇಳಿಬಿಟ್ಟುಕೊಂಡು ಕೂರುತ್ತದೆ. ಹೆತ್ತವರು ಭುಜ ಜಾರಿದೆಯೆಂದೇ ತಿಳಿಯುತ್ತಾರೆ. ವೈದ್ಯರ ಕೈಯಲ್ಲಿ ಇದು ಕ್ಷಣಮಾತ್ರದಲ್ಲಿ ಸರಿಹೋಗುವಂಥದ್ದು.

ಲೇಖನವು ಎಲ್ಲ ಬಗೆಯ ಬಿಗಿತಕ್ಕೂ ಫ್ರೋಜನ್ ಶೋಲ್ಡರ್ ಎಂಬ ಒಂದೇ ಹೆಸರನ್ನು ಕೊಟ್ಟಿದೆ. ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಈ ಹೆಸರನ್ನು ಬಳಕೆಗೆ ತಂದಾಗಲೇ, ಈ ಕಾಯಿಲೆಯ ಲಕ್ಷಣ ಹೇಳುವುದೂ ಚಿಕಿತ್ಸೆ ಮಾಡುವುದೂ ಕಾರಣ ವಿವರಿಸುವುದೂ ಕಷ್ಟವೆಂದು ಒಪ್ಪಿಕೊಂಡಿದ್ದರು. ಆದರೆ ಅಂಗರಚನೆ ತಿಳಿದರೆ ಒಂದು ಮುಖ್ಯ ವ್ಯತ್ಯಾಸವನ್ನು ಯಾರೂ ಕಂಡುಕೊಳ್ಳಬಹುದು. ಫ್ರೋಜನ್ ಶೋಲ್ಡರಿನಲ್ಲಿ ಕುಗ್ಗಿರುವುದು ಕೀಲಿನ ಚೀಲ. ಆದ್ದರಿಂದ ಕೈಯನ್ನು ರೋಗಿ ತಾನಾಗಿ ಎತ್ತಿದರೂ, ಬೇರೆಯವರು ಹಿಡಿದೆತ್ತಿದರೂ ಅದೇ ಜಾಗದಲ್ಲಿ ನಿಲ್ಲುತ್ತದೆ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸುವುದಂತೂ ಎಲ್ಲಕ್ಕಿಂತ ಮೊದಲು ತಪ್ಪಿಹೋಗುತ್ತದೆ. ರೊಟೇಟರ್ ಕಫ್ ಹರಿದಾಗ ರೋಗಿಗೆ ತಾನಾಗಿ ಎತ್ತಲಾಗದಿದ್ದರೂ, ಬೇರೆಯವರು ಮೆಲ್ಲಗೆ ಎತ್ತಿದರೆ ಕೈ ಸಾಮಾನ್ಯವಾಗಿ ಪೂರ್ತಿ ಹೋಗುತ್ತದೆ. ಮೊದಲನೆಯದು ಮಧುಮೇಹಿಗಳಲ್ಲಿ ಹೆಚ್ಚು, ಸಾಮಾನ್ಯವಾಗಿ 40ರಿಂದ 60ರ ವಯಸ್ಸಿನಲ್ಲಿ ಬರುತ್ತದೆ ಮತ್ತು ಒಂದರಿಂದ ಮೂರು ವರ್ಷದೊಳಗೆ ಬಹುಮಟ್ಟಿಗೆ ಬಿಡುತ್ತದೆ. ಹರಿದ ರಜ್ಜು ಹಾಗೆ ಕಾಯುತ್ತ ಕುಳಿತರೆ ಕೂಡಿಕೊಳ್ಳುವುದಿಲ್ಲ. ಎರಡಕ್ಕೂ ಒಂದೇ ವ್ಯಾಯಾಮದ ಪಟ್ಟಿ ಹೇಗೆ ಸರಿಹೊಂದೀತು?

ಕೀಲಿನಲ್ಲಿ ಏನೂ ಇಲ್ಲದೆ ಭುಜ ನೋಯುವುದೂ ಉಂಟೆಂದು ಒಂದು ಸಾಲು ಸೇರಿಸಿದ್ದರೆ ಚೆನ್ನಿತ್ತು. ಭ್ರೂಣದಲ್ಲಿ ಕೈಯ ಮೊಗ್ಗು ಮೂಡುವುದು ಕತ್ತಿನ ಕೆಳಭಾಗದ ಎದುರಿನಲ್ಲಿ. ಬೆರಳ ತುದಿಯ ನರಗಳೂ ಕತ್ತಿನಿಂದಲೇ ಹೊರಡುವುದು ಆ ಕಾರಣಕ್ಕೆ. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯೂ ಮೊದಲು ಕತ್ತಿನ ಮಟ್ಟದಲ್ಲೇ ಮೂಡಿ ಬಳಿಕ ಕೆಳಗಿಳಿದದ್ದು, ಅದರ ನರವನ್ನು ತನ್ನ ಜೊತೆಗೇ ಎಳೆದುಕೊಂಡು ಹೋದದ್ದು. ಹೀಗಾಗಿ ವಪೆಯ ಕೆಳಗಿನ ಪಿತ್ತಕೋಶದ ಉರಿಯೂತ ಬಲಹೆಗಲಿನ ತುದಿಯಲ್ಲಿ ನೋವಾಗಿ ಕಾಣಿಸಬಹುದು. ಎದೆಯ ಒತ್ತಡ, ಬೆವರು, ಏದುಸಿರಿನ ಜೊತೆ ಬರುವ ತೋಳಿನ ನೋವಿಗೆ ಭುಜದ ವ್ಯಾಯಾಮ ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮಣಿಕಟ್ಟು ಮತ್ತು ಅಂಗೈಯ ಬಗ್ಗೆ ಲೇಖನದಲ್ಲಿ ಬಂದಿರುವುದು ಬಹುಪಾಲು ಸರಿಯಾಗಿದೆ, ಅದರ ಗೋಜಿಗೆ ನಾನು ಹೋಗುವುದಿಲ್ಲ. ಮುಂದೆ ಈ ಚಿತ್ರವನ್ನು ಮರುಮುದ್ರಿಸುವುದಾದರೆ ದಯವಿಟ್ಟು ಎರಡು ನೋಟಗಳನ್ನು ಕೊಡಿ. ಒಂದು ಮುಂದಿನಿಂದ, ಎದೆಮೂಳೆಯಿಂದ ತೋಳಿನವರೆಗೆ, ಕೊರಳೆಲುಬು ಪೂರ್ತಿ ಕಾಣುವಂತೆ, ಕುಳಿಯನ್ನು ಅದರ ನಿಜವಾದ ಅಲ್ಪ ಆಳದಲ್ಲಿ ತೋರಿಸಿದ್ದು. ಇನ್ನೊಂದು ಹಿಂದಿನಿಂದ, ಹಲಗೆ ಇಡಿಯಾಗಿ, ಕೈ ಇಳಿಬಿಟ್ಟಾಗ ಹೇಗಿರುತ್ತದೆ, ಎತ್ತಿದಾಗ ಎಷ್ಟು ತಿರುಗುತ್ತದೆ ಎಂಬುದು ಪಕ್ಕಪಕ್ಕದಲ್ಲಿ ಗೊತ್ತಾಗುವಂತೆ. ರಾಟೆಯ ಸಲಹೆ ಪಾರ್ಶ್ವವಾಯು ರೋಗಿಗಳಿಗೆ ಸಲ್ಲದು ಎಂಬ ತಿದ್ದುಪಡಿ ಮಾತ್ರ ಚಿತ್ರಕ್ಕಾಗಿ ಕಾಯದೆ ಇದೇ ವಾರ, ಅದೇ ಆರೋಗ್ಯ ಪುಟದಲ್ಲಿ, ಲೇಖನವಿದ್ದಷ್ಟೇ ದೊಡ್ಡ ಅಕ್ಷರದಲ್ಲಿ ಬರಲೆಂದು ಕೋರುತ್ತೇನೆ. ಆ ಪುಟವನ್ನು ಕತ್ತರಿಸಿ ರೋಗಿಯ ಹಾಸಿಗೆಯ ಬಳಿ ಅಂಟಿಸಿಕೊಂಡವರು ಈಗಾಗಲೇ ಇರಬಹುದು.

ತಮ್ಮ ವಿಶ್ವಾಸಿ,
ನಿವೃತ್ತ ಅಂಗರಚನಾಶಾಸ್ತ್ರ ಬೋಧಕ